ಬಟ್ಟೆ ಬೆಳ್ಳಗೆ ಬರುವ ತನಕ

ಆ ಮನೆಯಲ್ಲಿ ಜಗಳ ಹತ್ತೋದಕ್ಕೆ ಕಾರೇ ಆಗಬೇಕು ಅಂತೇನಿರಲಿಲ್ಲ, ಉಪ್ಪಿನ ಡಬ್ಬಿಯ ಮುಚ್ಚಳ ಸಾಕಿತ್ತು. ಆದರೆ ಆ ತಿಂಗಳು ಹತ್ತಿದ್ದು ಕಾರಿನಿಂದಲೇ. ಹತ್ತಿದ್ದು ಬೇಗ ಆರಲೂ ಇಲ್ಲ.

ಕಾರು ಮಾವನದು. ಅದನ್ನು ಬಾಡಿಗೆಗೆ ಓಡಿಸಿಯೇ ಮನೆ ಕಟ್ಟಿದ ಮನುಷ್ಯ. ಕಣ್ಣಿನ ನರ ಸೋತ ಮೇಲೆ ಕೀಲಿಯನ್ನು ಮೊಳೆಗೆ ನೇತುಹಾಕಿ ರೇಡಿಯೋ ಮುಂದೆ ಕೂತರು. ಅಂದಿನಿಂದ ಕಾರು ಮನೆ ಮುಂದೆ ಬಿಸಿಲಿಗೆ ಬಿದ್ದಿತ್ತು. ಕೆಂಪು ಕಾರು ಅಂತ ಕಾಗದದಲ್ಲಿದೆ, ಕಣ್ಣಲ್ಲಿ ನೋಡಿದವರು ಯಾರೂ ಹಾಗನ್ನುತ್ತಿರಲಿಲ್ಲ. ಬಾನೆಟ್ಟಂತೂ ಬಿಳಿಚಿಕೊಂಡು, ಕೈಯಿಟ್ಟರೆ ಅಂಗೈಗೆ ಗುಲಾಬಿ ಪುಡಿ ಮೆತ್ತುತ್ತಿತ್ತು. ಇಂಜಿನ್ನು ಮಾತ್ರ ಗಟ್ಟಿ. ಸೊಸೆ ವಾರಕ್ಕೊಂದು ಸಲ ಓಡಿಸಿ ತಂದು ನಿಲ್ಲಿಸುತ್ತಿದ್ದಳು. ಡ್ರೈವಿಂಗ್ ಕಲಿಸಿದ್ದೂ ಮಾವನೇ.

ಸೊಸೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಗಂಡನ ಮುಂದೆ ಕೈಯೊಡ್ಡುವ ಬಾಳು. ಗಂಡ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳ ಮುಂದೆ ಬಾಯಲ್ಲಿ ಬೆಣ್ಣೆ, ಮನೆಯಲ್ಲಿ ಸುಣ್ಣ.

"ಬಸ್ಸಿಗೆ ದುಡ್ಡು ಬೇಕಿತ್ತು."

"ಯಾಕೆ? ಎಲ್ಲಿಗೆ?"

"ತಲೆನೋವಿನ ಮಾತ್ರೆ ಮುಗಿದಿದೆ ರೀ."

"ಮೊನ್ನೆ ತಂದಿದ್ದೆನಲ್ಲ, ಏನು, ಊಟ ಮಾಡಿದೆಯಾ ಅದನ್ನ?"

ಈ 'ಯಾಕೆ', 'ಏನು' ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಹಾಗಿರುವಾಗ ಊರಾಚೆಯ ಆಸ್ಪತ್ರೆಯೊಂದರಲ್ಲಿ, ಬೆಳಗಿನ ಪಾಳಿಯ ನರ್ಸುಗಳನ್ನು ಕರೆತಂದು ಸಂಜೆ ಮನೆಗೆ ಬಿಡೋದಕ್ಕೆ ಕಾರು ಸಮೇತ ಒಬ್ಬರು ಬೇಕು ಅಂತ ಗೊತ್ತಾಯಿತು. ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಹೋದಳು. ಅಲ್ಲಿಯ ಮ್ಯಾನೇಜರು ಪಕ್ಕದಲ್ಲಿ ಕೂತು ಅವಳ ಕೈಲಿ ಒಂದು ಸುತ್ತು ಓಡಿಸಿ ನೋಡಿದ. ಆಮೇಲೆ ಇಳಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಓಡಿಸೋದು ಚೆನ್ನಾಗಿದೆ ಕಣಮ್ಮ. ಕಾರು ಮಾತ್ರ ಗುಜರಿಯಿಂದ ತಪ್ಪಿಸಿಕೊಂಡು ಬಂದ ಹಾಗಿದೆ. ಇದರಲ್ಲಿ ನಮ್ಮ ಹುಡುಗಿಯರು ಕೂತರೆ ಆಸ್ಪತ್ರೆ ಹೆಸರಿಗೆ ಏನು ಮರ್ಯಾದೆ? ತಿಂಗಳ ಕೊನೆಯೊಳಗೆ ನೆಟ್ಟಗೆ ಮಾಡ್ಕೊಂಡು ಬಾ. ಇಲ್ಲಾಂದ್ರೆ ಬೇರೆಯವರಿದ್ದಾರೆ."

ಆ ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು.

"ಡ್ರೈವರ್ ಕೆಲಸಾನಾ?" ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಂಗಡಿಯಲ್ಲಿ ಕೇಳಿದರೆ ಏನು ಹೇಳಲಿ? ನನ್ನ ಹೆಂಡ್ತಿ ಟ್ಯಾಕ್ಸಿ ಹೊಡೀತಾಳೆ ಅನ್ನಲಾ?"

"ನಿಮ್ಮಪ್ಪ ಹೊಡೆದದ್ದೂ ಅದನ್ನೇ. ಅದರಲ್ಲೇ ನೀವು ಬೆಳೆದದ್ದು."

ಮಾವ ತಲೆ ತಗ್ಗಿಸಿ ಬೇಳೆ ಕಲಸಿಕೊಂಡರು. ಜಗಳ ಬಂದಾಗ ಆ ಮನುಷ್ಯನಿಗೆ ಕಣ್ಣಿನ ಜೊತೆ ಕಿವಿಯೂ ಹೋಗುತ್ತಿತ್ತು.

"ಬಣ್ಣ ಹೊಡೆಸೋಕೆ ಎಷ್ಟಂತೆ?" ಅಂದರು ಅತ್ತೆ.

"ಕೇಳಿದೆ ಅತ್ತೆ. ಕಾರಿನ ಬೆಲೆಗಿಂತ ಜಾಸ್ತಿ ಹೇಳ್ತಾನೆ."

"ಮೂಗಿಗಿಂತ ಮೂಗುತಿ ಭಾರ."

"ಅದಕ್ಕೇ ಹೊಡೆಸಲ್ಲ. ಇರೋ ಬಣ್ಣಾನೇ ಉಜ್ಜಿ ಹೊಳಪು ತರ್ತೀನಿ. ಬಣ್ಣದ ಅಂಗಡಿಯವನು ಹೇಗೆ ಅಂತ ಹೇಳಿಕೊಟ್ಟಿದ್ದಾನೆ. ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡು, ಒಂದು ಡಬ್ಬಿ ವ್ಯಾಕ್ಸು, ಹಳೇ ಹತ್ತಿ ಬಟ್ಟೆ, ಅಷ್ಟೇ."

ಅತ್ತೆ ನಕ್ಕರು. ಆ ನಗು ಕೇಳಿದರೆ ಹಾಲು ಒಡೆಯಬೇಕು. "ನೀನು ಉಜ್ಜಿ ಹೊಳಪು ತರೋದು! ಮೊದಲು ಅಡಿಗೆಮನೆ ನಲ್ಲಿ ಉಜ್ಜು, ನೋಡೋಣ."

ಈ ಅತ್ತೆಯ ವಿಷಯ ಹೇಳಲೇಬೇಕು. ಕೇರಿಯವರ ಬಾಯಲ್ಲಿ ಆಕೆ ಲಾಡ್ಜಮ್ಮ. ಒಂದು ದೊಡ್ಡ ಲಾಡ್ಜಿನಲ್ಲಿ ಮೂವತ್ತು ವರ್ಷ ಕೋಣೆಗಳನ್ನು ಶುಚಿ ಮಾಡಿ, ಕೊನೆಕೊನೆಗೆ ಹದಿನೈದು ಹೆಂಗಸರ ಮೇಲೆ ಮೇಸ್ತ್ರಿಯಾಗಿ ನಿವೃತ್ತಿಯಾದವರು. ಸೊಂಟಕ್ಕೆ ಸಿಕ್ಕಿಸಿದ ಒಂದು ಬಿಳಿ ಬಟ್ಟೆ ಅಲ್ಲಿಂದ ಮನೆಗೂ ಬಂದಿತ್ತು. ಸೊಸೆ ಒರೆಸಿದ ಕಪಾಟು, ಕಿಟಕಿ, ಮಂಚದ ಕಾಲು, ಎಲ್ಲದರ ಮೇಲೂ ಆ ಬಟ್ಟೆ ಎಳೆದು ನೋಡೋರು. ಬಟ್ಟೆಗೆ ಏನಾದರೂ ಅಂಟಿತೋ, "ಇದು ಒರೆಸಿದ್ದಾ? ಬಟ್ಟೆ ಬೆಳ್ಳಗೆ ಬರೋ ತನಕ ಕೈ ನಿಲ್ಲಿಸಬಾರದು" ಅನ್ನೋರು. ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ.

ಮೊದಲ ವಾರ ನೀರಿನ ಜಗಳ. ಸೊಸೆ ಬಕೆಟ್ಟಿಗೆ ಸೋಪಿನ ನೀರು ಕಲಸಿ ಕಾರು ತೊಳೆದರೆ ಅತ್ತೆ ಮೆಟ್ಟಿಲ ಮೇಲೆ ನಿಂತು ಬಕೆಟ್ಟು ಎಣಿಸಿದರು. ಗಂಡ ಸ್ನಾನಕ್ಕೆ ಹೋದಾಗ ತೊಟ್ಟಿ ಖಾಲಿ.

"ಕಾರಿಗೆ ಸ್ನಾನ, ಮನೆ ಯಜಮಾನನಿಗೆ ಒಣ ಟವೆಲ್ಲು!" ಅಂತ ಅವನು ಬಚ್ಚಲಿಂದಲೇ ಕೂಗಿದ. "ಗುಜರಿಯವನಿಗೆ ಹೇಳಿಟ್ಟಿದ್ದೀನಿ. ತಿಂಗಳ ಕೊನೆಗೆ ಬಂದು ಎತ್ಕೊಂಡು ಹೋಗ್ತಾನೆ. ಅಲ್ಲಿ ತನಕ ಆಟ ಆಡ್ಕೋ."

"ಕಾರು ಮಾವನ ಹೆಸರಲ್ಲಿದೆ. ಅವರು ಸಹಿ ಹಾಕಬೇಕು."

"ಹಾಕ್ತಾರೆ. ಹಾಕದೆ ಎಲ್ಲಿಗೆ ಹೋಗ್ತಾರೆ?"

ಅವಳು ಮಾವನ ಮುಖ ನೋಡಿದಳು. ಮಾವ ರೇಡಿಯೋದ ಕಿವಿ ತಿರುಗಿಸಿದರು. ಅಯ್ಯೋ ದೇವರೇ, ಈ ಮನೆಯಲ್ಲಿ ಗಂಡಸು ಅಂತ ಇಬ್ಬರಿದ್ದಾರೆ, ಒಬ್ಬನಿಗೆ ಬಾಯಿ ಜಾಸ್ತಿ, ಇನ್ನೊಬ್ಬರಿಗೆ ಬಾಯೇ ಇಲ್ಲ ಅಂತ ಅವಳಿಗೆ ಅಳು ಬಂತು. ಅಳಲಿಲ್ಲ. ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು.

ಎರಡನೇ ವಾರ ಉಜ್ಜುವ ಕೆಲಸ. ನೆರಳು ಬೀಳೋದು ಮಧ್ಯಾಹ್ನದ ಮೇಲೆ, ಹಾಗಾಗಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಆಮೇಲೆ ಶುರು. ಅಂಚುಗಳಿಗೆ ಟೇಪು ಅಂಟಿಸಿದಳು, ಅಲ್ಲಿ ಬಣ್ಣ ತೆಳು ಅಂತ ಅಂಗಡಿಯವನು ಎಚ್ಚರಿಸಿದ್ದ. ಒದ್ದೆ ಬಟ್ಟೆಗೆ ಚೂರು ಕಾಂಪೌಂಡು ಹಚ್ಚಿ, ಅಂಗೈಯಗಲದ ಜಾಗ ಹಿಡಿದು ಉಜ್ಜಿದಳು. ಬಟ್ಟೆಯೆಲ್ಲ ಕೆಂಪು. ಅದಕ್ಕೆ ಹೆದರಬೇಡ ಅಂದಿದ್ದ ಅವನು: ಹಳೇ ಕಾಲದ ಬಣ್ಣ ಇದು, ಮೇಲಿನದು ಸತ್ತಿದೆ, ಕೆಳಗಿನದು ಬದುಕಿದೆ, ಹೊಳಪು ಕಂಡ ಕೂಡಲೇ ಕೈ ತೆಗಿ. ನಾಲ್ಕನೇ ದಿನಕ್ಕೆ ಎಡಗಡೆಯ ಬಾಗಿಲೆರಡೂ ಕೆಂಪಗೆ ಕಣ್ಣು ಬಿಟ್ಟವು. ಬಾಗಿಲಲ್ಲಿ ತನ್ನ ಮುಖ ಕಂಡು ಅವಳು ಒಬ್ಬಳೇ ನಕ್ಕಳು. ತೋಳು ಎತ್ತೋಕಾಗದಷ್ಟು ನೋವು, ಆದರೂ ನಕ್ಕಳು.

ಅತ್ತೆ ಇಳಿದು ಬಂದರು. ಸೊಂಟದ ಬಟ್ಟೆ ತೆಗೆದು, ನೀರಲ್ಲಿ ಅದ್ದಿ, ಹೊಳೆಯೋ ಬಾಗಿಲ ಮೇಲೆ ಗಟ್ಟಿಯಾಗಿ ಎಳೆದರು. ಬಟ್ಟೆ ಕೆಂಪಾಯಿತು.

"ನೋಡು! ಇನ್ನೂ ಕೊಳೆ ಬರ್ತಿದೆ."

"ಅದು ಕೊಳೆ ಅಲ್ಲ ಅತ್ತೆ, ಬಣ್ಣ. ವ್ಯಾಕ್ಸ್ ಹಾಕಿದ ಮೇಲೆ ನಿಲ್ಲುತ್ತೆ."

"ಬಣ್ಣ ಬಿಡೋದು ಅಗ್ಗದ ಸೀರೆ ಕಣೆ, ಕಬ್ಬಿಣ ಅಲ್ಲ. ಯಾರಿಗೆ ಹೇಳ್ತೀಯ ಕಥೆ? ಕೈ ಬಗ್ಗಿಸೋಕೆ ಸೋಮಾರಿತನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಇದು ನಿಮ್ಮ ಲಾಡ್ಜಿನ ಕಮೋಡಲ್ಲ. ದಯವಿಟ್ಟು ದೂರ ಇರಿ."

ಮಾತು ಬಾಯಿಂದ ಬಿದ್ದಾಗಿತ್ತು. ಅತ್ತೆ ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಅಂದು ರಾತ್ರಿ ಸೊಸೆಯ ಅನ್ನದಲ್ಲಿ ಕೂದಲು ಸಿಕ್ಕಿತು, ಮತ್ತು ಅದು ತಾನೇ ಬೇಯಿಸಿದ ಅನ್ನ ಅಂತ ಅವಳು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಮೂರನೇ ವಾರದ ಹೊತ್ತಿಗೆ ಬಾಗಿಲು, ಹಿಂಬದಿ, ಮೇಲ್ಭಾಗ ಎಲ್ಲ ಮುಗಿದು ವ್ಯಾಕ್ಸೂ ಬಿದ್ದಿತ್ತು. ಉಳಿದದ್ದು ಬಾನೆಟ್ಟು. ಇಂಜಿನ್ನಿನ ಕಾವು, ಮೇಲಿನ ಬಿಸಿಲು, ಎರಡೂ ತಿಂದ ಜಾಗ ಅದು. ಬಣ್ಣ ಅಲ್ಲೇ ತೀರಾ ತೆಳು, ಹೂವಿನ ಹಾಗೆ ಮುಟ್ಟಬೇಕು. ಅದನ್ನು ಕೊನೆಗಿಟ್ಟಿದ್ದಳು. ಆ ದಿನ ವ್ಯಾಕ್ಸು ಮುಗಿದಿತ್ತು. ಗಂಡನ ಹತ್ತಿರ ಕೇಳುವ ಬದಲು ತನ್ನ ಹಳೇ ಕೈಗಡಿಯಾರ ಮಾರಿ ಇನ್ನೊಂದು ಡಬ್ಬಿ ಕೊಳ್ಳೋಕೆ ಪೇಟೆಗೆ ಹೋದಳು.

ವಾಪಸು ಬಂದಾಗ ಬಾನೆಟ್ಟು ಬೂದು ಬಣ್ಣ.

ಎಲ್ಲೋ ಒಂದು ಕಡೆ ಅಲ್ಲ. ನಡುವಿನ ಉಬ್ಬಿನಿಂದ ಎರಡೂ ಅಂಚಿನವರೆಗೆ, ಕೆಂಪು ಪೂರ್ತಿ ಹೋಗಿ ಅಡಿಯ ಬೂದು ಪ್ರೈಮರ್ ಲೇಪ ಬತ್ತಲೆ ನಿಂತಿತ್ತು. ಒಂದೇ ಸಮ, ಒಂದು ಗೆರೆ ಆಚೀಚೆ ಇಲ್ಲ. ಅಂಚಿನ ಟೇಪನ್ನೂ ಕಿತ್ತು, ಉಂಡೆ ಮಾಡಿ, ನೀಟಾಗಿ ಚಕ್ರದ ಪಕ್ಕ ಇಟ್ಟಿದ್ದರು. ಕಾಂಪೌಂಡಿನ ಡಬ್ಬಿ ತಳ ಕಾಣುತ್ತಿತ್ತು.

ಒಳಗೆ ಹೋದಳು. ಅತ್ತೆ ಬೀನ್ಸ್ ಹೆಚ್ಚುತ್ತಿದ್ದರು. ಉಗುರುಗಳ ಸಂದಿಯಲ್ಲಿ ಕೆಂಪು.

"ಏನು ಮಾಡಿದಿರಿ ಅತ್ತೆ?"

"ಬೀನ್ಸ್ ಹೆಚ್ಚುತಾ ಇದ್ದೀನಿ. ಕಣ್ಣು ಕಾಣಲ್ವಾ?"

"ಬಾನೆಟ್ಟು!"

"ನಿನ್ನ ಬಾನೆಟ್ಟಿನ ವಿಷಯ ನನಗೇನು ಗೊತ್ತು? ದೂರ ಇರಿ ಅಂದೆ, ದೂರ ಇದ್ದೀನಿ. ಮೂರು ವಾರ ಉಜ್ಜಿದರೆ ಬಣ್ಣ ಹೋಗದೆ ಬೆಳೆಯುತ್ತಾ?"

ಅವಳು ಮಾವನ ಕಡೆ ತಿರುಗಿದಳು. "ಮಾವ, ನೀವು ಇಲ್ಲೇ ಕೂತಿದ್ದಿರಿ. ನೀವಾದರೂ ಹೇಳಿ."

ಮಾವ ಗಂಟಲು ಸರಿಮಾಡಿಕೊಂಡರು. "ನನಗೆ ಕಣ್ಣು ಕಾಣಲ್ಲವಲ್ಲಮ್ಮಾ."

"ಕಿವಿ ಕೇಳುತ್ತಲ್ಲ!"

ಅವರು ಎದ್ದು ಕೋಲು ಹುಡುಕಿದರು. ಬಾಗಿಲ ಹತ್ತಿರ ಹೋಗಿ ಮೆಲ್ಲಗೆ ಅಂದರು, "ನಾನೂ ಇದೇ ಮನೆಯಲ್ಲಿ ಬಾಳಬೇಕಲ್ಲ ತಾಯಿ."

ಸಂಜೆ ಗಂಡ ಬಂದ. ಕಾರಿನ ಮುಂದೆ ನಿಂತು ಚಪ್ಪಾಳೆ ತಟ್ಟಿ ನಕ್ಕ. ಆ ಮನುಷ್ಯ ಅಷ್ಟು ಮನಸ್ಸು ಬಿಚ್ಚಿ ನಕ್ಕಿದ್ದು ಮದುವೆಯಲ್ಲೂ ಇಲ್ಲ.

"ಭಲೇ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಹೇಳಲಿಲ್ವಾ?"

"ನಾನು ಮಾಡಿದ್ದಲ್ಲ. ನಿಮ್ಮಮ್ಮ ಮಾಡಿದ್ದು. ಅವರ ಉಗುರು ನೋಡಿ."

"ನಾಚಿಕೆ ಆಗಲ್ವಾ? ನೀನೇ ಹಾಳು ಮಾಡಿ ವಯಸ್ಸಾದೋರ ಮೇಲೆ ಹಾಕ್ತೀಯಾ?" ಅಂತ ಅವನು ಅಡಿಗೆಮನೆಗೆ ನುಗ್ಗಿದ. "ಅಮ್ಮಾ, ನೀನು ಕಾರು ಮುಟ್ಟಿದೆಯಾ?"

ಅತ್ತೆ ಒಗ್ಗರಣೆ ಸೌಟಿನಿಂದ ಕಣ್ಣೆತ್ತಲಿಲ್ಲ. "ಇಲ್ಲ."

ಇಲ್ಲ! ಒಂದೇ ಮಾತು, ಕೊಚ್ಚಿ ಹಾಕಿದ ಹಾಗೆ. ಸೊಸೆಗೆ ಬಾನೆಟ್ಟಿಗಿಂತ ಆ ಮಾತು ಹೆಚ್ಚು ಉರಿಯಿತು. ಇಷ್ಟು ವರ್ಷ ಬೈದಿದ್ದರು, ಚುಚ್ಚಿದ್ದರು, ನೆಂಟರ ಮುಂದೆ ಮಾನ ಕಳೆದಿದ್ದರು. ಆದರೆ ಅತ್ತೆ ಸುಳ್ಳು ಹೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಆಮೇಲಿನ ವಾರ ಆ ಮನೆಯ ಅನ್ನಕ್ಕೆ ರುಚಿ ಇರಲಿಲ್ಲ. ಗಂಡ ಪ್ರತಿ ಊಟಕ್ಕೂ ಬಾನೆಟ್ಟು ಬಡಿಸಿಕೊಂಡ. ಉಪ್ಪು ಕಡಿಮೆಯಾದರೆ, "ಕಾರು ಉಜ್ಜಿದ ಕೈ ಅಲ್ವಾ." ಲೋಟ ಜಾರಿದರೆ, "ಅದನ್ನೂ ಬೂದು ಮಾಡು." ಅತ್ತೆ ಒಂದು ಸಲವೂ ಅವನ ಜೊತೆ ಸೇರಿ ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ಸೊಸೆ ತಟ್ಟೆಯನ್ನು ಅಡಿಗೆಮನೆಗೆ ಒಯ್ದು ನಿಂತೇ ಉಂಡಳು. ಬಣ್ಣದ ಅಂಗಡಿಗೆ ಹೋಗಿ ಬಾನೆಟ್ಟೊಂದಕ್ಕೆ ಬಣ್ಣ ಹೊಡೆಯೋಕೆ ಎಷ್ಟು ಅಂತ ಕೇಳಿ ಬಂದಳು. ಅದಕ್ಕೂ ಅವಳ ಹತ್ತಿರ ಇರಲಿಲ್ಲ. ಮಾರೋಕೆ ಇನ್ನೊಂದು ಗಡಿಯಾರವೂ ಇರಲಿಲ್ಲ.

ತಿಂಗಳ ಕೊನೆಯ ಭಾನುವಾರ ಗುಜರಿಯವನು ಬಂದ. ದಪ್ಪ ಮೀಸೆ, ಕಿವಿಯಲ್ಲಿ ಪೆನ್ನು. ಗಂಡ ಕಾಗದ ಸಿದ್ಧ ಮಾಡಿಟ್ಟಿದ್ದ. ಮಾವನನ್ನು ಕೈಹಿಡಿದು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದ, ಸಹಿ ಹಾಕಬೇಕಾದ ಜಾಗದ ಮೇಲೆ ಅವರ ಬೆರಳನ್ನೂ ಇಟ್ಟ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಮೆಟ್ಟಿಲ ಮೇಲೆ.

ಗುಜರಿಯವನು ಕಾರು ಸುತ್ತಿ ಬಂದು ಬಾನೆಟ್ಟಿನ ಮುಂದೆ ನಿಂತ. ಬಗ್ಗಿದ. ಅಂಗೈ ಆಡಿಸಿದ.

"ಇದನ್ನ ಯಾರು ಉಜ್ಜಿದ್ದು ಸ್ವಾಮಿ?"

"ನನ್ನ ಹೆಂಡ್ತಿ," ಅಂದ ಗಂಡ. "ಹೊಳಪು ತರ್ತೀನಿ ಅಂತ ಹೊರಟು ಈ ಗತಿ ಮಾಡಿದಳು. ಬೆಲೆ ಕಮ್ಮಿ ಮಾಡಬೇಡಿ ಮತ್ತೆ."

"ಮಿಷನ್ನಲ್ಲಾ?"

"ಕೈಲಿ."

"ಕೈಲಾ!" ಗುಜರಿಯವನು ನೆಟ್ಟಗೆ ನಿಂತ. "ಅಬ್ಬಬ್ಬಾ! ನಮ್ಮ ಹುಡುಗರು ಮಿಷನ್ ಹಿಡಿದರೂ ಇಷ್ಟು ಒಂದೇ ಸಮ ಬರಲ್ಲ ಕಣ್ರೀ. ಒಂದು ಗೀರು ಇಲ್ಲ, ಒಂದು ಚುಕ್ಕೆ ಕೆಂಪು ಉಳಿದಿಲ್ಲ. ಇಂಥ ಕೈ ನಾನು ಎಲ್ಲೂ ನೋಡಿಲ್ಲ. ಅಮ್ಮಾ, ನಿಮ್ಮ ಕೈಗೆ ಒಂದು ನಮಸ್ಕಾರ." ಸೊಸೆಯ ಕಡೆ ತಿರುಗಿ ನಿಜವಾಗಿಯೂ ಕೈ ಮುಗಿದ.

"ಇವಳಾ?"

ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಅತ್ತೆಯ ಮುಖ ಕೆಂಪಗೆ ಕಾದಿತ್ತು.

"ಇವಳ ಕೈಲಿ ಅಷ್ಟು ಉಜ್ಜೋಕಾಗುತ್ತಾ? ಒಂದು ಬಾಣಲೆ ತಿಕ್ಕೋಕೆ ಮೂರು ಸಲ ಕೂರ್ತಾಳೆ! ನಾನು ಉಜ್ಜಿದ್ದು ಅದು. ಒಂದೇ ಮಧ್ಯಾಹ್ನದಲ್ಲಿ. ಬಟ್ಟೆ ಬೆಳ್ಳಗೆ ಬರೋ ತನಕ ಉಜ್ಜಿದ್ದೀನಿ, ನಡುವೆ ನೀರೂ ಕುಡಿದಿಲ್ಲ."

ಗಂಡನ ಬಾಯಿ ತೆರೆದೇ ಇತ್ತು.

"ಅಮ್ಮಾ... ನೀನು ಮುಟ್ಟಿಲ್ಲ ಅಂದೆಯಲ್ಲ?"

"ಅಂದೆ. ಈಗ ಮುಟ್ಟಿದ್ದೀನಿ ಅಂತಿದ್ದೀನಿ. ಕಿವುಡಾ ನಿನಗೆ?"

ಒಂದು ವಾರ! ಸೊಸೆಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಈ ಹೆಂಗಸು ಬಾಯಿಬಿಟ್ಟು ಸತ್ಯ ಹೇಳಿದ್ದೂ ತನ್ನನ್ನು ಬೈಯೋದಕ್ಕೇ. ಹೊಗಳಿಕೆ ಸೊಸೆಯ ಪಾಲಾಯಿತಲ್ಲ ಅಂತ ತಡೆಯಲಾರದೆ.

ಆಗ ಮಾವ ಕಾಗದದ ಮೇಲಿಂದ ಬೆರಳು ತೆಗೆದರು. ಪೆನ್ನನ್ನು ತಡವಿ ಮಗನ ಕೈಗೆ ಕೊಟ್ಟರು. "ಒಳಗಿಡು. ನಾನು ಹಾಕಲ್ಲ."

"ಅಪ್ಪಾ, ಮಾತು ಕೊಟ್ಟಿದ್ದೀನಿ ಇವರಿಗೆ!"

"ಕೊಟ್ಟವನು ನೀನು. ನನ್ನನ್ನ ಕೇಳಿ ಕೊಟ್ಟೆಯಾ?"

ಗುಜರಿಯವನು ಗಡಿಯಾರ ನೋಡಿಕೊಂಡ. "ಹಾಗಾದ್ರೆ ನನ್ನ ಭಾನುವಾರ ಹಾಳಾಯ್ತು ಅನ್ನಿ."

"ಆಗಲ್ಲ," ಅಂದಳು ಸೊಸೆ. ಮೆಟ್ಟಿಲು ಇಳಿದು ಬಂದಳು. "ನಿಮ್ಮಲ್ಲಿ ಇದೇ ಮಾದರಿ ಕಾರಿನ ಬಾನೆಟ್ಟಿದೆಯಾ?"

"ಒಂದಿದೆ. ಆದರೆ ನೀಲಿ."

"ಬಣ್ಣ ಉಳಿದಿದೆಯಾ?"

"ಮಂಕಾಗಿದೆ. ಉಜ್ಜಬೇಕು."

"ಅದಕ್ಕೆ ನಾನಿದ್ದೀನಿ. ಈ ಬಾನೆಟ್ಟು ನಿಮಗೆ, ಅದು ನನಗೆ. ಮೇಲಿನ ಲಗೇಜ್ ಕಂಬಿ ಪೂರಾ ಕಬ್ಬಿಣ, ಅದನ್ನೂ ಬಿಚ್ಚಿಕೊಂಡು ಹೋಗಿ. ಜೋಡಿಸಿ ಕೊಡಬೇಕು, ನಾಳೆ ಬೆಳಗ್ಗೆಯೊಳಗೆ."

"ಕೆಂಪು ಮೈ, ನೀಲಿ ಮೂತಿ!" ಗಂಡ ಕಾಲು ಅಪ್ಪಳಿಸಿದ. "ಊರೆಲ್ಲ ನಗುತ್ತೆ!"

"ನೀವು ಒಂದು ವಾರ ನಕ್ಕಿದ್ದೀರಲ್ಲ ರೀ. ಊರೂ ಒಂದು ವಾರ ನಗಲಿ, ಆಮೇಲೆ ಸುಸ್ತಾಗುತ್ತೆ."

ಗುಜರಿಯವನು ಮೀಸೆಯಡಿ ನಕ್ಕು, ಸ್ಪ್ಯಾನರ್ ತರೋಕೆ ಹೋದ.

ಸೋಮವಾರ ಅವಳು ನೀಲಿ ಬಾನೆಟ್ಟನ್ನು ಉಜ್ಜಿದಳು, ಉಳಿದ ಕಾಂಪೌಂಡನ್ನು ಬೆರಳಲ್ಲಿ ಬಳಿದು ಬಳಿದು. ಹೊಳಪು ಕಂಡ ಕೂಡಲೇ ಕೈ ತೆಗೆದಳು. ಮಂಗಳವಾರ ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ಮ್ಯಾನೇಜರು ಬಹಳ ಹೊತ್ತು ನೋಡಿದ.

"ಹೊಳೆಯೋದೇನೋ ಹೊಳೀತಿದೆ. ಇದೇನಮ್ಮ ಎರಡು ಬಣ್ಣ?"

"ಮೊದಲ ಸಂಬಳದಲ್ಲಿ ಒಂದೇ ಮಾಡಿಸ್ತೀನಿ ಸಾರ್."

"ಸಂಬಳ ಯಾರ ಹೆಸರಿಗೆ? ಯಜಮಾನರದಾ?"

"ನನ್ನ ಹೆಸರಿಗೆ."

ಅವನು ತಲೆ ಕೆರೆದುಕೊಂಡ. "ಸರಿ, ನಾಳೆಯಿಂದ ಬಾ. ನಮ್ಮ ಹುಡುಗಿಯರಿಗೆ ದೂರದಿಂದಲೇ ಗುರುತಾದರೂ ಸಿಗುತ್ತೆ."

ಮರುದಿನ ನಸುಕಿನಲ್ಲಿ ಎದ್ದು ಅವಳು ತನಗಷ್ಟೇ ಚಹಾ ಮಾಡಿ ಕುಡಿದಳು. ಉಳಿದವರ ತಿಂಡಿಗೆ ಒಲೆ ಹಚ್ಚಲಿಲ್ಲ. ಕಾರಿನಲ್ಲಿ ಕೂತು ಕೀಲಿ ತಿರುಗಿಸುವಾಗ ಅತ್ತೆ ಹೊರಗೆ ಬಂದರು, ಶಾಲು ಹೊದ್ದು. ಕಿಟಕಿಯ ಹತ್ತಿರ ನಿಂತರು. ಕನ್ನಡಿಯ ಮೇಲಿನ ಇಬ್ಬನಿ ನೋಡುತ್ತಾ ನಿಂತರು.

ಸೊಸೆಗೆ ತಡೆಯಲಾಗಲಿಲ್ಲ. "ಬಾನೆಟ್ಟು ಹೋಗಲಿ ಅತ್ತೆ. ಒಂದು ವಾರ ನನ್ನನ್ನ ಬೈಸಿದಿರಿ. ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದರೆ?"

"ಹೇಳಿದರೆ ಏನಾಗ್ತಿತ್ತು? ಯಾರು ನಿಮ್ಮನ್ನ ತಿಂತಿದ್ದರು?"

ಅತ್ತೆ ಶಾಲು ಬಿಗಿ ಮಾಡಿಕೊಂಡರು. "ಲಾಡ್ಜಲ್ಲಿ ಒಂದು ಹೂಜಿ ಒಡೆದರೂ ಒಪ್ಪಿಕೊಂಡವಳ ಸಂಬಳ ಮುರೀತಿದ್ದರು. ಎರಡನೇ ಸಲ ಒಪ್ಪಿಕೊಂಡವಳು ಮನೆಗೆ. ನನ್ನ ಜೊತೆ ಸೇರಿದವರಲ್ಲಿ ಕೊನೇ ತನಕ ಉಳಿದವಳು ನಾನೊಬ್ಬಳೇ. ಹೇಗೆ ಉಳಿದೆ ಅಂದುಕೊಂಡೆ? ಕೈ ಜೋರಿತ್ತು ಅಂತಲಾ? ಏನೇ ಕೆಟ್ಟರೂ ನಾನಲ್ಲ ಅಂದೆ. ಯಾರು ಸಿಕ್ಕಿಬಿದ್ದರೂ ಸುಮ್ಮನಿದ್ದೆ. ಅದು ನಾಲಿಗೆಗೆ ಕೂತುಬಿಟ್ಟಿದೆ."

"ಇದು ಲಾಡ್ಜಲ್ಲ ಅತ್ತೆ," ಸೊಸೆಯ ದನಿ ಏರಿತು. "ಇದು ಮನೆ."

ಅತ್ತೆ ಮೊದಲ ಸಲ ಅವಳನ್ನು ನೇರ ನೋಡಿದರು.

"ಹೌದಾ? ನಿನಗೆ ಯಾವತ್ತಾದರೂ ಹಾಗನ್ನಿಸಿದೆಯಾ?"

ಸೊಸೆ ಕೈ ಚಾಚಿ ಕನ್ನಡಿಯ ಇಬ್ಬನಿ ಒರೆಸಿದಳು. ನರ್ಸುಗಳು ಕಾಯುತ್ತಿದ್ದರು, ಗೇರು ಹಾಕಿ ಹೊರಟಳು.